ಎಡಗೈಯ ಗೆರೆ

ಆ ಯಂತ್ರವನ್ನು ಮೊದಲ ಸಲ ಕಂಡಾಗ ನನಗೆ ಬಂದದ್ದು ಸಿಟ್ಟು. ಬೆರಗು ಆಮೇಲೆ ಬಂತು; ಬಂದದ್ದು ಇವತ್ತಿಗೂ ಹೋಗಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ, ನಾನೂ ಅಲ್ಲಗಳೆಯುವುದಿಲ್ಲ. ಆದರೆ ಆ ದಿನದ ಸಿಟ್ಟಿಗೆ ಕಾರಣವಿತ್ತು. ಏಳು ವರ್ಷ ಸರ್ಜನ್ ಆಗಿ ಕೆಲಸ ಮಾಡಿದವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಪರದೆಯ ಮೇಲೆ ಚೆಂಡು ಹಿಡಿಯುವ ಆಟ ಆಡಿ ಎಂದಿದ್ದರು.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಾವಾಗ ವುಲ್ವರ್‌ಹ್ಯಾಂಪ್ಟನ್ನಿನಲ್ಲಿದ್ದೆವು. ಅದಕ್ಕೂ ಮೊದಲು ಬಾಗಲಕೋಟೆ ಕಡೆಯ ಆಸ್ಪತ್ರೆಯೊಂದರಲ್ಲಿ, ಹೊಟ್ಟೆ ತೆರೆದು ಮಾಡುವ ಆಪರೇಷನ್‌ಗಳಲ್ಲಿ ನನ್ನ ಕೈ ಚುರುಕು ಎಂದು ಹೆಸರಾಗಿತ್ತು. ಕರೆಂಟು ಹೋದರೆ ಟಾರ್ಚಿನ ಬೆಳಕಲ್ಲಿ ಹೊಲಿಗೆ ಹಾಕಿದವಳು ನಾನು. ಆ ಜಂಬವನ್ನೆಲ್ಲ ಗಂಟು ಕಟ್ಟಿಕೊಂಡೇ ವಿಮಾನ ಹತ್ತಿದ್ದೆ. ಇಲ್ಲಿಯ ಪರೀಕ್ಷೆಗಳನ್ನು ಪಾಸು ಮಾಡಿ, ಟ್ರೇನಿಂಗ್ ಕೆಲಸ ಹಿಡಿದು, ಮದುವೆಯಾಗಿ, ಮಗಳನ್ನು ಹೆತ್ತು, ಐದು ತಿಂಗಳ ರಜೆ ಮುಗಿಸಿ ವಾರ್ಡಿಗೆ ಮರಳಿದ್ದೆ. ನನ್ನ ಗಂಡ ಬೆಂಗಳೂರಿನವರು, ಬರ್ಮಿಂಗ್‌ಹ್ಯಾಮಿನಲ್ಲಿ ಸಾಫ್ಟ್‌ವೇರ್ ಕೆಲಸ. ಕೂಸನ್ನು ನೋಡಿಕೊಳ್ಳಲು ಊರಿನಿಂದ ಅವ್ವ ಬಂದಿದ್ದಳು. ಜೂನಿನಲ್ಲಿ ಬಂದವಳಿಗೆ ಆರು ತಿಂಗಳ ವೀಸಾ, ಅಂದರೆ ಡಿಸೆಂಬರಿನ ತನಕ.

ನಾನು ಇಲ್ಲಿ ಕಲಿಯಬೇಕಾಗಿದ್ದದ್ದು ಕೀಹೋಲ್ ಆಪರೇಷನ್. ಹೊಟ್ಟೆಯಲ್ಲಿ ಮೂರು ನಾಲ್ಕು ಸಣ್ಣ ತೂತು ಮಾಡಿ, ಒಂದರಿಂದ ಕ್ಯಾಮೆರಾ, ಉಳಿದವುಗಳಿಂದ ಉದ್ದನೆಯ ಚಿಮಟ, ಕತ್ತರಿ ಇಳಿಸಬೇಕು. ಕೈ ಹೊಟ್ಟೆಯ ಹೊರಗೆ, ಕಣ್ಣು ಎದುರಿನ ಟೀವಿಯ ಮೇಲೆ. ಕೈಯನ್ನು ಎಡಕ್ಕೆ ಸರಿಸಿದರೆ ಒಳಗಿನ ತುದಿ ಬಲಕ್ಕೆ ಹೋಗುತ್ತದೆ. ಚಿಕ್ಕಂದಿನಲ್ಲಿ ಕಿಟಕಿಯ ಸರಳಿನ ಸಂದಿಯಿಂದ ಕೋಲು ತೂರಿಸಿ ಪಕ್ಕದ ಮನೆಯ ದಾಸವಾಳ ಕೀಳಲು ಹೋದವರಿಗೆ ಈ ಕಷ್ಟ ಗೊತ್ತಿರುತ್ತದೆ. ಮುಟ್ಟಿ ನೋಡುವ ಹಾಗಿಲ್ಲ, ಬಗ್ಗಿ ನೋಡುವ ಹಾಗಿಲ್ಲ. ನನ್ನ ಚುರುಕು ಕೈಗೆ ಅಲ್ಲಿ ಮೂರು ಕಾಸಿನ ಬೆಲೆಯೂ ಇರಲಿಲ್ಲ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಪಿತ್ತಕೋಶ ತೆಗೆಯುವ ಆಪರೇಷನ್ ನನ್ನ ಪಾಲಿಗೆ ಬಂತು. ಕ್ಯಾಮೆರಾ ಹಿಡಿದವರು ನಮ್ಮ ಕನ್ಸಲ್ಟೆಂಟ್, ಅಂದರೆ ವಿಭಾಗದ ಹಿರಿಯ ಸರ್ಜನ್. ಅವರು ಯಾರ್ಕ್‌ಶೈರಿನ ಕಡೆಯವರು, ಮಾತು ಬಲು ತುಟ್ಟಿ. ಆ ಆಪರೇಷನ್ನಿನಲ್ಲಿ ಎಡಗೈಯ ಚಿಮಟ ಪಿತ್ತಕೋಶದ ಕೊರಳನ್ನು ಹಿಡಿದು ಬಿಗಿಯಾಗಿ ಎಳೆದಿಟ್ಟುಕೊಂಡಿರಬೇಕು, ಬಲಗೈ ನಿಧಾನಕ್ಕೆ ಪೊರೆ ಬಿಡಿಸಬೇಕು. ಎಡಗೈ ಸಡಿಲವಾದರೆ ಯಾವ ನಾಳ ಎಲ್ಲಿ ಹೋಗಿದೆ ಎಂಬುದು ಕಾಣುವುದಿಲ್ಲ. ಕಾಣದೆ ಕತ್ತರಿಸಿದರೆ ರೋಗಿ ಜೀವಮಾನವಿಡೀ ಅನುಭವಿಸಬೇಕು. ನನ್ನ ಎಡಗೈ ಒಮ್ಮೆ ಜಾರಿತು. ಎರಡನೆಯ ಸಲ ಜಾರಿತು. ಮೂರನೆಯ ಸಲ ನನಗೇ ಅರಿವಿಲ್ಲದೆ ಎಡಗೈಯ ಚಿಮಟವನ್ನು ಬಿಟ್ಟು, ಎಲ್ಲವನ್ನೂ ಬಲಗೈಯಲ್ಲೇ ಮಾಡಲು ಹೊರಟೆ. ಕನ್ಸಲ್ಟೆಂಟ್ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, ಆಪರೇಷನ್ ತಾವು ಮುಗಿಸಿದರು. ರೋಗಿಗೆ ಏನೂ ಆಗಲಿಲ್ಲ.

ಕೈ ತೊಳೆಯುವ ಜಾಗದಲ್ಲಿ ಅವರು ಹೇಳಿದ್ದು ಇಷ್ಟೇ: "ನಿಮ್ಮ ಬಲಗೈ ಬಗ್ಗೆ ನನ್ನ ತಕರಾರಿಲ್ಲ. ಎಡಗೈ ಎಲ್ಲಿದೆ?"

ನಾನು ಪೆದ್ದಿಯ ಹಾಗೆ ನನ್ನ ಎಡಗೈಯನ್ನು ನೋಡಿಕೊಂಡೆ. ಅವರು ಟವೆಲನ್ನು ಬುಟ್ಟಿಗೆ ಹಾಕುತ್ತ, "ಡಿಸೆಂಬರಿನಲ್ಲಿ ನಿಮ್ಮ ಫಾರಂಗೆ ನಾನು ಸಹಿ ಹಾಕಬೇಕು. ಇವತ್ತು ಕೇಳಿದ್ದರೆ ಹಾಕುತ್ತಿರಲಿಲ್ಲ. ಕೆಳಗೆ ಸಿಮ್ಯುಲೇಟರ್ ಬಂದಿದೆ, ಅದರ ಮುಂದೆ ಕೂತುಕೊಳ್ಳಿ" ಎಂದರು. ಆ ಸಹಿ ಬೀಳದಿದ್ದರೆ ಮುಂದಿನ ಹಂತದ ಟ್ರೇನಿಂಗ್ ಇಲ್ಲ. ಸರ್ಜರಿ ಬಿಟ್ಟು ಬೇರೇನಾದರೂ ನೋಡಿಕೊಳ್ಳಬೇಕು. ಹತ್ತನೆಯ ಕ್ಲಾಸಿನಿಂದ ನಾನು ಆಗಬೇಕೆಂದುಕೊಂಡಿದ್ದು ಸರ್ಜನ್ ಒಂದೇ.

ಆ ಯಂತ್ರ ಇದ್ದದ್ದು ಆಸ್ಪತ್ರೆಯ ಲೈಬ್ರರಿಯ ಕೆಳಗೆ, ಕಿಟಕಿಯಿಲ್ಲದ ಒಂದು ಪುಟ್ಟ ಕೋಣೆಯಲ್ಲಿ. ಬೆನ್ನು ಉಬ್ಬಿದ ಹಳೆಯ ಮಾದರಿಯ ಮಾನಿಟರ್, ಅದರ ಮುಂದೆ ಒಂದು ಚೌಕಟ್ಟು, ಚೌಕಟ್ಟಿನಲ್ಲಿ ನಿಜವಾದ ಚಿಮಟಗಳಂಥವೇ ಎರಡು ಹಿಡಿಕೆ. ಪರದೆಯಲ್ಲಿ ಹೊಟ್ಟೆಯೂ ಇಲ್ಲ, ರಕ್ತವೂ ಇಲ್ಲ. ಕಪ್ಪು ಹಿನ್ನೆಲೆಯಲ್ಲಿ ಒಂದು ಚೆಂಡು, ಒಂದು ಪೆಟ್ಟಿಗೆಯ ಗೆರೆ, ಎರಡು ಕಡ್ಡಿ. ಎಡಗೈಯಿಂದ ಚೆಂಡನ್ನು ಹಿಡಿದು ಪೆಟ್ಟಿಗೆಯೊಳಗೆ ಅಲುಗದಂತೆ ಇಟ್ಟುಕೊಳ್ಳಬೇಕು, ಬಲಗೈಯಿಂದ ಅದರ ಮೇಲಿನ ಚುಕ್ಕೆಗಳನ್ನು ಒಂದೊಂದಾಗಿ ಮುಟ್ಟಬೇಕು. ಅಲುಗಿದರೆ ಚೆಂಡು ಕೆಂಪಾಗುತ್ತದೆ. ಗಂಡಸರು ಹುಡುಗಾಟಕ್ಕೆ ಆಡುವ ಗೇಮಿನ ಹಾಗೆ ಕಂಡಿತು. 'ಇದನ್ನು ಆಡುವುದಕ್ಕೆ ಎಂಬಿಬಿಎಸ್ ಓದಬೇಕಿತ್ತೇ' ಎಂದು ಗೊಣಗುತ್ತ ಹಿಡಿಕೆಗಳನ್ನು ಹಿಡಿದೆ.

ಮುಗಿಯುವ ಹೊತ್ತಿಗೆ ಚೆಂಡು ಎಷ್ಟು ಸಲ ಕೆಂಪಾಗಿತ್ತೋ ಲೆಕ್ಕವಿಲ್ಲ. ನಾನು ಏಳಬೇಕೆನ್ನುವಷ್ಟರಲ್ಲಿ ಪರದೆ ಖಾಲಿಯಾಗಿ, ಅದರ ಮೇಲೆ ಗೆರೆಗಳು ಮೂಡತೊಡಗಿದವು. ನನ್ನ ಎರಡೂ ಕೈ ಗಾಳಿಯಲ್ಲಿ ಓಡಾಡಿದ ದಾರಿಯನ್ನು ಯಂತ್ರ ಬರೆದಿಟ್ಟುಕೊಂಡಿತ್ತು. ನೀಲಿ ಬಲಗೈಯದು, ಕೆಂಪು ಎಡಗೈಯದು. ನೀಲಿ ಗೆರೆ ಸುಮಾರಾಗಿ ನೇರವಾಗಿ ಹೋಗಿ ಬಂದಿತ್ತು. ಕೆಂಪು ಗೆರೆ ಬೆಕ್ಕು ಎಳೆದಾಡಿದ ನೂಲಿನುಂಡೆಯಾಗಿತ್ತು. ಅದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿತ್ತು. ಆ ಗಂಟಿನಿಂದ ಹೊರಟ ಉದ್ದುದ್ದ ಎಳೆಗಳು ಪರದೆಯ ಕೆಳಗಿನ ಮೂಲೆಗೆ ಹೋಗಿ ಹೋಗಿ ಮರಳಿದ್ದವು.

ಅದು ಯಾಕೆಂದು ತಿಳಿಯಲು ಯಂತ್ರದ ಇನ್ನೊಂದು ಗುಂಡಿ ಒತ್ತಿದೆ. ಆಟ ಮೊದಲಿನಿಂದ ನಿಧಾನವಾಗಿ ನಡೆಯಿತು. ಬಲಗೈಯ ಕಡ್ಡಿ ಚೆಂಡಿನ ಹತ್ತಿರ ಬಂದ ಕೂಡಲೇ ಎಡಗೈಯದು ಚೆಂಡನ್ನು ಬಿಟ್ಟು ಮೂಲೆಗೆ ಓಡುತ್ತಿತ್ತು. ಮತ್ತೆ ಬರುತ್ತಿತ್ತು, ಹಿಡಿಯುತ್ತಿತ್ತು, ಬಲಗೈ ಬಂದರೆ ಮತ್ತೆ ಓಟ. ಹಿರಿಯರು ಪಡಸಾಲೆಗೆ ಬಂದರೆ ಎದ್ದು ಒಳಗೆ ಹೋಗುವ ಸೊಸೆಯ ಹಾಗೆ. ಒಂದು ಸಲವಲ್ಲ, ಹನ್ನೊಂದು ಸಲ. ನಾನು ಎಣಿಸಿದೆ.

ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಆ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತೆ. ಮೂವತ್ಮೂರು ವರ್ಷದಿಂದ ನನ್ನ ಮೈಗೆ ಅಂಟಿಕೊಂಡಿರುವ ಕೈ ಅದು. ಅದನ್ನು ನಾನು ಅವತ್ತೇ ಮೊದಲು ನೋಡಿದೆ. ಮೆಡಿಕಲ್ ಕಾಲೇಜಿನಲ್ಲಿ ನಾವು ಆಪರೇಷನ್ ಕಲಿತದ್ದು ಪ್ರೊಫೆಸರರ ಬೆನ್ನಿನ ಹಿಂದೆ ಸ್ಟೂಲ್ ಹತ್ತಿ ನಿಂತು. ಅವರ ಹೆಗಲು ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ. ಪುಸ್ತಕದಲ್ಲಿ ಚಂದದ ಚಿತ್ರಗಳಿದ್ದವು, ನಾನು ನೋಡಿದರೂ ನೋಡದಿದ್ದರೂ ಅವು ಇದ್ದಂತೆಯೇ ಇರುತ್ತಿದ್ದವು. ತಪ್ಪಿದರೆ ಬೈಗುಳ ಬೀಳುತ್ತಿತ್ತು, ಎಲ್ಲಿ ತಪ್ಪಿತು ಎಂಬುದು ಬೈಗುಳದ ಸದ್ದಿನಲ್ಲೇ ಕಳೆದುಹೋಗುತ್ತಿತ್ತು. ಈ ಚಿತ್ರ ಹಾಗಲ್ಲ. ನಾನು ಮಾಡಿದ್ದನ್ನು ನನಗೇ ತೋರಿಸಿ, ಬೈಯದೆ, ಹೊಗಳದೆ, ಇನ್ನೊಮ್ಮೆ ಮಾಡುತ್ತೀಯಾ ಎಂದು ಕಾಯುತ್ತಿತ್ತು. ಅಂಥ ಗುರುವನ್ನು ನಾನು ಕಂಡಿರಲಿಲ್ಲ.

ಆದರೆ ತೋರಿಸಿದ ಮಾತ್ರಕ್ಕೆ ಕೈ ಸುಧಾರಿಸುವುದಿಲ್ಲ. ಎರಡು ವಾರ ದಿನಾ ಬೆಳಿಗ್ಗೆ ವಾರ್ಡಿನ ಕೆಲಸಕ್ಕೆ ಮುಂಚೆ ಅರ್ಧ ಗಂಟೆ ಕೂತೆ. ಎಡಗೈಯನ್ನು ಹಲ್ಲು ಕಚ್ಚಿ ಹಿಡಿದಷ್ಟೂ ನಡುಗಿತು. ನಡುಕ ನಿಲ್ಲಿಸಲು ಹೋದರೆ ಬಲಗೈ ದಾರಿ ತಪ್ಪುತ್ತಿತ್ತು. ಗೆರೆಗಳನ್ನು ಪ್ರಿಂಟ್ ತೆಗೆದು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿಕೊಂಡು ನೋಡುತ್ತಿದ್ದೆ.

ಅವ್ವ ಒಂದು ಹಾಳೆಯನ್ನು ಎತ್ತಿ ತಿರುವಿ ನೋಡಿದಳು. "ಇದೇನವಾ, ರಂಗೋಲಿ ಮ್ಯಾಲ ಕೋಳಿ ಅಡ್ಡಾಡಿದಂಗ ಐತಿ?"

"ನನ್ನ ಎಡಗೈ ಅದು" ಅಂದೆ.

"ಹಂಗಂದ್ರ?"

ವಿವರಿಸಿದೆ. ಅವ್ವನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಹಾಳೆಯನ್ನು ಮಡಿಸದೆ ಇದ್ದಲ್ಲೇ ಇಟ್ಟು ಕೂಸಿಗೆ ಉಣಿಸಲು ಹೋದಳು. ಮಗಳಿಗೆ ಆಗ ಎಂಟು ತಿಂಗಳು. ಎತ್ತರದ ಕುರ್ಚಿಯಲ್ಲಿ ಕೂತು ಎಲ್ಲದಕ್ಕೂ ಕೈಚಾಚುವ ವಯಸ್ಸು. ಅವಳು ಚಾಚುತ್ತಿದ್ದದ್ದು ಹೆಚ್ಚಾಗಿ ಎಡಗೈ. ಅವ್ವ ಪ್ರತಿ ಸಲವೂ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ಚಮಚವನ್ನು ಬಲಗೈಗೆ ಕೊಡುತ್ತಿದ್ದಳು. "ಈ ಕೈ, ಈ ಕೈಲೇ ಉಣ್ಣಬೇಕು, ಹೌದಿಲ್ಲೋ ನನ್ನವ್ವಾ?" ಎಂದು ಮುದ್ದಿನಿಂದಲೇ ಹೇಳುತ್ತಿದ್ದಳು. ನಮ್ಮಲ್ಲಿ ಯಾರು ತಾನೇ ಹಾಗೆ ಮಾಡುವುದಿಲ್ಲ? ಎಡಗೈಯಲ್ಲಿ ಕೊಡಬಾರದು, ತಗೋಬಾರದು, ಉಣ್ಣಬಾರದು. ನಾನೇ ಆಪರೇಷನ್ ಥಿಯೇಟರಿನಲ್ಲಿ ಸಿಸ್ಟರಿಗೆ ಎಡಗೈಯಿಂದ ಕತ್ತರಿ ಮರಳಿಸಬೇಕಾಗಿ ಬಂದರೆ ಬಾಯಿಂದ 'ಸಾರಿ' ಎಂದು ತಾನಾಗಿಯೇ ಬರುತ್ತಿತ್ತು. ಯಾಕೆ ಸಾರಿ ಎಂದು ಆಕೆಗೆ ಪಾಪ ಕೊನೆಗೂ ತಿಳಿಯಲಿಲ್ಲ.

ಆವತ್ತು ಮಾತ್ರ ನನಗೆ ತಡೆಯಲಾಗಲಿಲ್ಲ. "ಆ ಕೈ ಬಿಡವಾ!" ಎಂದು ಕೂಗಿಬಿಟ್ಟೆ. "ಹಿಂಗ ಮಾಡೇ ನನ್ನ ಕೈ ಹಾಳ ಮಾಡಿದ್ದು ನೀನು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಆಡಿದ್ದೆನೇ ಹೊರತು ಅದರಲ್ಲಿ ಎಷ್ಟು ನಿಜವಿದೆ ಎಂದು ನನಗೇ ಗೊತ್ತಿರಲಿಲ್ಲ. ಅವ್ವ ತಿರುಗಿ ನೋಡಲಿಲ್ಲ. ಕೂಸಿನ ಬಾಯಿ ಒರೆಸಿ ಎತ್ತಿಕೊಂಡು ಮೇಲಿನ ಕೋಣೆಗೆ ಹೋದಳು. ನನ್ನ ಗಂಡ, "ಅತ್ತೆಗೆ ಹಾಗೆಲ್ಲ ಅನ್ನಬಾರ್ದಿತ್ತು ನೀನು" ಎಂದರು. ಅದು ನನಗೂ ಗೊತ್ತಿತ್ತು. ಮೂರು ದಿನ ಅವ್ವ ಅಡಿಗೆ ಮಾಡಿದಳು, ಬಟ್ಟೆ ಮಡಿಸಿದಳು, ನನ್ನ ಹತ್ತಿರ ಬೇಕಾದಷ್ಟೇ ಮಾತಾಡಿದಳು.

ಶುಕ್ರವಾರ ಸಂಜೆ ತಾನಾಗಿಯೇ ಕೇಳಿದಳು: "ಆ ಯಂತ್ರ ನಾ ನೋಡಬೌದೇನು?"

ಮರುದಿನ ಗಂಡನಿಗೆ ಆಫೀಸಿನಲ್ಲಿ ತುರ್ತು ಕೆಲಸವಿತ್ತು, ಕಾರು ಒಯ್ದಿದ್ದರು. ನನಗೆ ಡ್ಯೂಟಿ ಪಟ್ಟಿಯಲ್ಲಿ ರಜೆ. ಅವ್ವ ಇಳಕಲ್ ಸೀರೆಯ ಮೇಲೆ ನನ್ನ ಗಂಡನ ದಪ್ಪ ಕೋಟು ತೊಟ್ಟು, ಹಣೆಯಲ್ಲಿ ವಿಭೂತಿ ಧರಿಸಿ, ಕೂಸಿನ ಗಾಡಿ ತಳ್ಳಿಕೊಂಡು ಬಂದಳು. ಶನಿವಾರ ಬೆಳಿಗ್ಗೆ ಲೈಬ್ರರಿಯ ಕಡೆ ಒಬ್ಬರೂ ಇರಲಿಲ್ಲ. ಕೀಲಿ ತಗೊಂಡು ಕೋಣೆ ತೆರೆದೆ. ಕೂಸು ಬಸ್ಸಿನಲ್ಲೇ ನಿದ್ದೆ ಹೋಗಿತ್ತು.

ನಾನು ಒಂದು ಆಟ ಆಡಿದೆ. ಗೆರೆ ಮೂಡಿತು. ಅವ್ವನಿಗಾಗಿ ಆಟವನ್ನು ಮತ್ತೆ ನಿಧಾನಕ್ಕೆ ನಡೆಸಿ ತೋರಿಸಿದೆ. ಅವ್ವ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಮುಖ ತಂದು ನೋಡಿದಳು. ಬಲಗೈಯ ಕಡ್ಡಿ ಬಂತು, ಎಡಗೈಯದು ಮೂಲೆಗೆ ಓಡಿತು. ಮತ್ತೆ ಬಂತು, ಮತ್ತೆ ಓಡಿತು.

"ಅದು ಅಂಜತೈತಿ" ಅಂದಳು ಅವ್ವ.

"ಯಾರಿಗೆ?"

ಅವ್ವ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ನನಗ. ನೀ ಸಣ್ಣಾಕಿದ್ದಾಗ ಎಲ್ಲಾ ಎಡಗೈಲೇ ಮಾಡತಿದ್ದಿ. ಉಣ್ಣೂದು, ಗೀಚೂದು, ಎಲ್ಲಾ. ಹೇಳಿ ಹೇಳಿ ಸಾಕಾತು. ಕಡೀಕ ಹಳೀ ಸೀರಿ ಅಂಚು ಹರದು, ಉಣ್ಣೂ ಮುಂದ ಆ ಕೈ ಕಟ್ಟತಿದ್ದೆ. ವರ್ಷೊಪ್ಪತ್ತು ಕಟ್ಟೀನಿ. ನಿನಗ ನೆನಪಿಲ್ಲ, ನನಗೈತಿ."

ನನಗೆ ನಿಜವಾಗಿಯೂ ನೆನಪಿರಲಿಲ್ಲ. ಎಡಗೈಯಲ್ಲಿ ಪ್ರಸಾದ ಹಿಡಿದಾಗ ಬಿದ್ದ ಒಂದು ಏಟು ಮಾತ್ರ ನೆನಪಿತ್ತು. ಆ ಬಟ್ಟೆಯ ಪಟ್ಟಿಯನ್ನು ನಾನು ಮರೆತಿದ್ದೆ, ಅವ್ವ ಯಾರಿಗೂ ಹೇಳಿರಲಿಲ್ಲ, ಕೈ ಮಾತ್ರ ನೆನಪಿಟ್ಟುಕೊಂಡಿತ್ತು. ಬೆನ್ನುಬ್ಬಿದ ಒಂದು ಮಾನಿಟರ್, ಬಾಗಲಕೋಟೆಯ ಹೆಸರನ್ನೂ ಕೇಳದ್ದು, ಅದನ್ನು ಹೆಕ್ಕಿ ಕೆಂಪು ಗೆರೆಯಲ್ಲಿ ಬರೆದಿತ್ತು. ಸಿಟ್ಟು ಬರಬೇಕಿತ್ತೇನೋ; ಬರಲಿಲ್ಲ. ಅವ್ವನ ಭುಜದ ಮೇಲೆ ಕೈಯಿಟ್ಟೆ, ಅವಳೂ ಅದನ್ನು ತೆಗೆಯಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವ್ವ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. "ಏಳು. ನಾ ಹಿಡದು ನೋಡತೀನಿ."

"ಬ್ಯಾಡವಾ, ಇದು ಭಾಳ ತ್ರಾಸಿಂದು."

"ಏಳಂದೆ."

ಕೂರಿಸಿದೆ. ಹಿಡಿಕೆ ಹಿಡಿಯುವುದು, ಅಮುಕುವುದು ತೋರಿಸಿದೆ. ಚೆಂಡನ್ನು ಹಿಡಿಯಲು ಅವ್ವನಿಗೆ ಬಹಳ ಹೊತ್ತು ಬೇಕಾಯಿತು. ಅತ್ತ ಹೋಗು ಎಂದರೆ ಇತ್ತ ಬರುವ ಕಡ್ಡಿಯನ್ನು "ಮೊಂಡ ಮುಂಡೇದು" ಎಂದು ಬೈದಳು. ಕಡೆಗೂ ಎಡಗೈಯ ಕಡ್ಡಿ ಚೆಂಡನ್ನು ಕಚ್ಚಿತು. ಆಮೇಲೆ ಅವ್ವ ಮಾಡಿದ್ದನ್ನು ನಾನು ಮರೆಯಲಾರೆ. ಎಡಮೊಳಕೈಯನ್ನು ಪಕ್ಕೆಗೆ ತಂದಳು. ಬೆನ್ನು ನೆಟ್ಟಗಾಯಿತು. ಒಂದು ಉಸಿರು ಒಳಗೆಳೆದು ನಿಧಾನಕ್ಕೆ ಬಿಟ್ಟಳು. ಕಣ್ಣು ಚೆಂಡಿನ ಮೇಲೆ ಕೂತಿತು.

ಚೆಂಡು ನಿಂತಿತು. ನಿಂತೇ ಇತ್ತು.

ಬಲಗೈ ಮಾತ್ರ ಪರದೆಯ ತುಂಬ ಅಲೆದಾಡಿತು. ಚುಕ್ಕೆ ಮುಟ್ಟಲು ಹೋಗಿ ಪೆಟ್ಟಿಗೆಯ ಹೊರಗೆ ಹೋಯಿತು, ಮೇಲೆ ಹೋಯಿತು, ಕೆಳಗೆ ಹೋಯಿತು. ಎಡಗೈ ಅಲುಗಲಿಲ್ಲ. ಆಟ ಮುಗಿದು ಗೆರೆಗಳು ಮೂಡಿದಾಗ ನೀಲಿ ಬಣ್ಣ ಪರದೆಯ ಮುಕ್ಕಾಲು ಪಾಲು ತುಂಬಿತ್ತು. ಕೆಂಪು, ಚೆಂಡು ಹಿಡಿಯುವವರೆಗಿನ ಸೊಟ್ಟ ದಾರಿ ಬಿಟ್ಟರೆ, ಒಂದು ಚುಕ್ಕೆ. ಸಾಸಿವೆಯಷ್ಟು. ನಮ್ಮ ಕನ್ಸಲ್ಟೆಂಟರ ಗೆರೆಯನ್ನು ಅದೇ ಯಂತ್ರದಲ್ಲಿ ನೋಡಿದ್ದೆ. ಅವರ ಎಡಗೈಯೂ ಇಷ್ಟು ನಿಂತಿರಲಿಲ್ಲ. ಅರವತ್ತೆರಡು ವರ್ಷದ, ಏಳನೆಯ ಇಯತ್ತೆಗೆ ಶಾಲೆ ಬಿಟ್ಟ, ಟೀವಿಯ ರಿಮೋಟನ್ನೂ ಮುಟ್ಟದ ಹೆಂಗಸು. ನಾನು ಆ ಚುಕ್ಕೆಯನ್ನು ನೋಡುತ್ತ ನಿಂತುಬಿಟ್ಟೆ.

"ಹೆಂಗ ಹಿಡದಿ ಅವ್ವಾ?" ಎಂದು ಕೇಳಿದೆ.

"ದಿನಾ ಹಿಡೀತೀನಲ್ಲ" ಅಂದಳು ಅವ್ವ, ಇದೇನು ಕೇಳುವ ಮಾತು ಎನ್ನುವಂತೆ.

ಆಗ ಹೊಳೆಯಿತು. ಇಷ್ಟಲಿಂಗ. ನಮ್ಮ ಮನೆತನದಲ್ಲಿ ಎಲ್ಲರಿಗೂ ಚಿಕ್ಕಂದಿನಲ್ಲೇ ದೀಕ್ಷೆಯಾಗುತ್ತದೆ. ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಕೊರಳಿನ ಲಿಂಗವನ್ನು ಬಿಚ್ಚಿ ಅಂಗೈಯಲ್ಲಿಟ್ಟು, ಎದೆಯ ಮಟ್ಟಕ್ಕೆ ತಂದು, ಕಣ್ಣು ನೆಟ್ಟು ಕೂರುವುದು. ಬಲಗೈ ನೀರು ಹಾಕುತ್ತದೆ, ಹೂವು ಏರಿಸುತ್ತದೆ. ಲಿಂಗ ಕೂರುವುದು ಎಡ ಅಂಗೈಯಲ್ಲಿ. ಐವತ್ತೈದು ವರ್ಷ, ದಿನಾ ಬೆಳಿಗ್ಗೆ, ಮುಕ್ಕಾಲು ಗಂಟೆ. ವುಲ್ವರ್‌ಹ್ಯಾಂಪ್ಟನ್ನಿನ ನಮ್ಮ ಸಣ್ಣ ಕೋಣೆಯಲ್ಲಿ, ಮನೆ ಬೆಚ್ಚಗಿಡುವ ರೇಡಿಯೇಟರಿನ ಪಕ್ಕ ಕೂತು ಅವಳು ಅದನ್ನೇ ಮಾಡುತ್ತಿದ್ದಳು. ನಾನು ದಿನಾ ಅವಳನ್ನು ದಾಟಿಕೊಂಡು ಕಾರಿನ ಕೀಲಿ ಹುಡುಕುತ್ತ ಓಡುತ್ತಿದ್ದೆ. ನನ್ನ ಎಡಗೈ ಕಟ್ಟಿದ್ದೂ ಅವಳೇ, ಎಡಗೈಯಲ್ಲಿ ದೇವರನ್ನು ಹಿಡಿದವಳೂ ಅವಳೇ. ಎರಡೂ ಒಂದೇ ಮನೆಯಲ್ಲಿ ಹೇಗೆ ಇದ್ದವು ಎಂದು ನಮ್ಮಿಬ್ಬರಿಗೂ ಯಾವತ್ತೂ ಹೊಳೆದಿರಲಿಲ್ಲ.

"ನೀ ಕೈ ನೋಡತಿ" ಎಂದಳು ಅವ್ವ. "ಕೈ ನೋಡಿದ್ರ ನಡಗತೈತಿ. ನಾ ಅದನ್ನ ನೋಡತೀನಿ, ಹಿಡದದ್ದನ್ನ. ಕೈ ತಾನಽ ನಿಲ್ಲತೈತಿ."

ಎರಡು ವಾರ ಯಂತ್ರ ತೋರಿಸಿದ್ದನ್ನು ನೋಡಿಯೂ ನನಗೆ ತಿಳಿಯದೆ ಹೋದದ್ದು ಇದು. ತಪ್ಪು ಎಲ್ಲಿದೆ ಎಂದು ಯಂತ್ರ ತೋರಿಸಿತು. ಅದು ಯಾಕೆ, ಅದಕ್ಕೆ ಏನು ಮಾಡಬೇಕು ಎನ್ನುವುದು ಅವ್ವನ ಹತ್ತಿರ ಇತ್ತು. ಆದರೆ ಆ ಗೆರೆ ಇಲ್ಲದಿದ್ದರೆ ನಾನು ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ. ಸತ್ಯ ಹೇಳಬೇಕೆಂದರೆ ಅವಳ ಹತ್ತಿರ ಅಂಥದ್ದೊಂದು ಇದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಬೀರುವಿನ ಕೆಳಗಿನ ಖಾನೆಯಿಂದ ನನ್ನ ಲಿಂಗವನ್ನು ತೆಗೆದೆ. ಹಾಸ್ಟೆಲ್ ಸೇರಿದ ವರ್ಷ ಬಿಚ್ಚಿಟ್ಟದ್ದು, ಊರೂರು ಸುತ್ತಿ ಸೂಟ್‌ಕೇಸಿನ ತಳದಲ್ಲೇ ಇಲ್ಲಿಯವರೆಗೆ ಬಂದಿತ್ತು. ಅವ್ವನ ಪಕ್ಕ ಚಾಪೆ ಹಾಕಿಕೊಂಡು ಕೂತೆ. ಭಕ್ತಿಯಿಂದ ಕೂತೆ ಎಂದರೆ ಸುಳ್ಳಾದೀತು, ಅದನ್ನು ಅವ್ವನಿಗೂ ಹೇಳಿದೆ. "ಕೈ ಸಲುವಾಗಿ ಹಿಡದರೂ ಹಿಡದಂಗಽ. ಮಾತಾಡಬ್ಯಾಡ, ನೋಡು" ಎಂದಳು. ಮೊದಲ ದಿನ ಐದು ನಿಮಿಷಕ್ಕೇ ತೋಳು ಸೋತಿತು. ಕಣ್ಣು ಲಿಂಗವನ್ನು ಬಿಟ್ಟು ಗೋಡೆಯ ಗಡಿಯಾರಕ್ಕೆ ಓಡಿತು. ಅವ್ವ ತನ್ನ ಲಿಂಗದಿಂದ ಕಣ್ಣು ತೆಗೆಯದೆಯೇ "ಹ್ಞೂಂ" ಎಂದು ಗದರಿದಳು. ನಾನು ಎಲ್ಲಿ ನೋಡಿದೆ ಎಂದು ಅವಳಿಗೆ ಹೇಗೆ ತಿಳಿಯಿತೋ.

ಅಲ್ಲಿಂದ ಎದ್ದು ನೇರ ಯಂತ್ರದ ಮುಂದೆ. ಹಿಡಿಕೆ ಹಿಡಿದು ಮೊಳಕೈಯನ್ನು ಪಕ್ಕೆಗೆ ತಂದು, ಕೈಯನ್ನು ಮರೆತು, ಚೆಂಡನ್ನು ನೋಡುವುದು. ದಿನಕ್ಕೊಂದು ಪ್ರಿಂಟ್ ಮನೆಯ ಫ್ರಿಜ್ಜಿನ ಮೇಲೆ ಏರಿತು. ಅವ್ವ ಚಹಾ ಕುದಿಸುತ್ತ ಅವುಗಳನ್ನು ಓದಿ ಹೇಳುತ್ತಿದ್ದಳು: "ನಿನ್ನಿಗಿಂತ ಇವತ್ತು ಕೋಳಿ ಸಣ್ಣದು." ಒಂದು ವಾರ ಏನೂ ಬದಲಾಗಲಿಲ್ಲ. ಎರಡನೆಯ ವಾರ ಮೂಲೆಗೆ ಓಡುವ ಎಳೆಗಳು ಹನ್ನೊಂದರಿಂದ ಆರಾದವು, ಮತ್ತೆ ಒಂಬತ್ತಾದವು, ನಾನು ಅತ್ತೆ. ನವೆಂಬರಿನಲ್ಲಿ ಒಂದು ದಿನ ಎಳೆಗಳು ಎರಡೇ ಇದ್ದವು. ಕಡೆಗೊಂದು ಬೆಳಿಗ್ಗೆ ಕೆಂಪು ಗೆರೆ ಪೆಟ್ಟಿಗೆಯೊಳಗೇ ಇತ್ತು. ಅವ್ವನ ಸಾಸಿವೆಯಲ್ಲ, ಒಂದು ನೆಲ್ಲಿಕಾಯಿಯಷ್ಟಿತ್ತು. ಆದರೆ ಅದು ಎಲ್ಲಿಗೂ ಓಡಿರಲಿಲ್ಲ. ಆ ಕಿಟಕಿಯಿಲ್ಲದ ಕೋಣೆಯಲ್ಲಿ ನಾನೊಬ್ಬಳೇ ಚಪ್ಪಾಳೆ ತಟ್ಟಿದೆ.

ಡಿಸೆಂಬರಿನ ಮೊದಲ ವಾರ ಮತ್ತೆ ಪಿತ್ತಕೋಶ. ಕ್ಯಾಮೆರಾ ಕನ್ಸಲ್ಟೆಂಟರದ್ದು. ಸಿಸ್ಟರ್ ಎಡಗೈಗೆ ಚಿಮಟ ಕೊಟ್ಟರು, ನಾನು ಅದನ್ನು ಬಲಗೈಗೆ ದಾಟಿಸಲಿಲ್ಲ. ಪಿತ್ತಕೋಶದ ಕೊರಳನ್ನು ಹಿಡಿದೆ, ಎಳೆದೆ, ಮೊಳಕೈ ಪಕ್ಕೆಗೆ ಬಂತು. ಉಸಿರು ಬಿಟ್ಟೆ. ಟೀವಿಯಲ್ಲಿ ಹಿಡಿದದ್ದನ್ನು ನೋಡಿದೆ. ಅದು ಸರಿಯಲಿಲ್ಲ. ಪೊರೆ ಒಂದೊಂದೇ ಪದರವಾಗಿ ಬಿಡಿಸಿಕೊಂಡು, ನಾಳ ಬೇರೆ, ರಕ್ತನಾಳ ಬೇರೆ, ನಡುವೆ ಬೆಳಕು ತೂರುವಷ್ಟು ಜಾಗ ಕಾಣಿಸಿತು. ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ ಚಿತ್ರ ಅದು. ಬದುಕಿರುವ ಮನುಷ್ಯನ ಒಳಗೆ, ನನ್ನ ಎರಡು ಕೈಗಳ ನಡುವೆ ಅದು ತೆರೆದುಕೊಂಡದ್ದು ಅವತ್ತೇ. ಮನುಷ್ಯನ ಮೈ ಇಷ್ಟು ಅಚ್ಚುಕಟ್ಟಾಗಿದೆ ಎಂದು ಓದಿದವಳಿಗೂ ಅದನ್ನು ನೋಡಿದಾಗ ಬೆರಗಾಯಿತು.

ಕನ್ಸಲ್ಟೆಂಟ್ ಆಪರೇಷನ್ ಮುಗಿಯುವವರೆಗೆ ಒಂದೇ ಮಾತು ಆಡಿದ್ದು: "ಮುಂದುವರಿಸಿ." ಕೈ ತೊಳೆಯುವಾಗ, "ಎಲ್ಲಿತ್ತು ಅದು ಇಷ್ಟು ದಿನ?" ಎಂದರು. ನಮ್ಮವ್ವನ ಹತ್ತಿರ ಎಂದೆ. ತಮಾಷೆ ಎಂದುಕೊಂಡು ಅವರು ನಕ್ಕರು, ಮರುದಿನ ಫಾರಂಗೆ ಸಹಿ ಹಾಕಿದರು.

ಸುದ್ದಿ ಹೇಳಿದಾಗ ಅವ್ವ ಒಲೆಯ ಮುಂದಿದ್ದಳು. "ಪಾಸ್ ಆತೇನು?" ಎಂದು ಕೇಳಿ, ನನ್ನ ಎಡಗೈಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಅವಳ ವೀಸಾ ಮುಗಿಯಲು ಆರು ದಿನ ಉಳಿದಿತ್ತು.

ಹೊರಡುವ ದಿನ ಬೆಳಿಗ್ಗೆ ಅವಳ ಎರಡು ಸೂಟ್‌ಕೇಸುಗಳು ಬಾಗಿಲ ಬಳಿ ನಿಂತಿದ್ದವು. ನನ್ನ ಗಂಡ ಕಾರಿನ ಗಾಜಿನ ಮೇಲಿನ ಮಂಜು ಕೆರೆಯಲು ಹೋಗಿದ್ದರು. ಅವ್ವ ಕೊನೆಯ ಸಲ ಕೂಸಿಗೆ ಉಣಿಸಲು ಕೂತಳು. ಅನ್ನ, ಬೇಳೆ, ತುಪ್ಪ ಕಿವುಚಿದ ಬಟ್ಟಲು ಮುಂದಿಟ್ಟಳು, ಚಮಚ ಚಾಚಿದಳು. ಕೂಸು ಎಡಗೈ ಮುಂದೆ ಮಾಡಿತು. ಅವ್ವನ ಕೈ ಅಭ್ಯಾಸದಂತೆ ಆ ಪುಟ್ಟ ಮುಷ್ಟಿಯನ್ನು ಕೆಳಗಿಳಿಸಲು ಹೊರಟಿತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಈ ಸಲ ಬಾಯಿ ತೆರೆಯಲಿಲ್ಲ. ಅವಳ ಕೈ ಅರ್ಧದಲ್ಲಿ ನಿಂತಿತು. ಆಮೇಲೆ ಬಟ್ಟಲನ್ನು ಕೂಸಿನ ಎಡಕ್ಕೆ ಸರಿಸಿ, ಚಮಚವನ್ನು ಅದೇ ಎಡಮುಷ್ಟಿಯೊಳಗೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ಉಣ್ಣವ್ವಾ" ಅಂದಳು.

ಅರ್ಧ ಅನ್ನ ನೆಲಕ್ಕೆ ಬಿತ್ತು, ಉಳಿದರ್ಧ ಬಾಯಿಗೆ ಹೋಯಿತು. ಹೊರಗೆ ಕಾರು ಹಾರ್ನ್ ಹೊಡೆಯಿತು. ಅವ್ವ ಏಳಲಿಲ್ಲ. ಬೆಳಗಿನ ಪೂಜೆಯಲ್ಲಿ ಕೂತ ಹಾಗೆಯೇ ಬೆನ್ನು ನೆಟ್ಟಗೆ ಮಾಡಿಕೊಂಡು, ಕೂಸಿನ ಎಡಗೈಯನ್ನು ರೆಪ್ಪೆ ಬಡಿಯದೆ ನೋಡುತ್ತ ಕೂತಿದ್ದಳು.